ಸಂಧಿವಾತ ಮತ್ತು ಗಿಡಮೂಲಿಕೆ: ಕೀಲುರೋಗ ತಜ್ಞೆಯೊಂದಿಗೆ ಪ್ರಶ್ನೋತ್ತರ

ಮೈಸೂರಿನ ಸದಸ್ಯೆ: ನಮಸ್ಕಾರ ಡಾಕ್ಟರ್ ಮೇಡಂ. ಏಳು ಪಾರಿಜಾತದ ಎಲೆಗಳನ್ನು ಜಜ್ಜಿ, ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ, ಖಾಲಿ ಹೊಟ್ಟೆಯಲ್ಲಿ ಕುಡಿದರೆ ರುಮಟಾಯ್ಡ್ ಸಂಧಿವಾತ ಬುಡಸಮೇತ ಹೋಗುತ್ತದೆ ಎಂಬ ಸಂದೇಶ ಬಂದಿದೆ. ಇದು ನಿಜವೇ?

ತಜ್ಞೆ: ನಮಸ್ಕಾರ. ನಿಜವಲ್ಲ. ಪಾರಿಜಾತದ ಎಲೆಯ ಸಾರದಿಂದ ಇಲಿಗಳ ಪಾದದ ಊತ ಇಳಿದದ್ದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ರುಮಟಾಯ್ಡ್ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಎರಗಿ ಮೂಳೆಯನ್ನು ಸವೆಸುತ್ತದೆ. ಆ ಸವೆತವನ್ನು ಕಷಾಯ ನಿಲ್ಲಿಸಿದೆ ಎನ್ನಲು ಆಧಾರವಿಲ್ಲ.

ಧಾರವಾಡದ ಸದಸ್ಯರು: ಈ ಕಾಯಿಲೆಗೆ ವೈದ್ಯರು ಕೊಡುವ ಮೆಥೋಟ್ರೆಕ್ಸೇಟ್ ಔಷಧದ ಜೊತೆಗೆ ಅರಿಶಿನದ ಕ್ಯಾಪ್ಸೂಲ್ ತೆಗೆದುಕೊಳ್ಳಬಹುದೇ?

ತಜ್ಞೆ: ಸಾರಿಗೆ ಹಾಕುವ ಅರಿಶಿನಕ್ಕೆ ಅಂಜಬೇಕಿಲ್ಲ. ಅದರಲ್ಲಿರುವ ಕರ್ಕ್ಯುಮಿನ್ ಅಂಶ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಆ ಕೊರತೆ ನೀಗಿಸಲೆಂದೇ ಕ್ಯಾಪ್ಸೂಲಿನವರು ಕಾಳುಮೆಣಸಿನ ಪೈಪರಿನ್ ಬೆರೆಸುತ್ತಾರೆ, ಮತ್ತು ಇಂಥ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವವರ ಯಕೃತ್ತನ್ನು ಹೇಗೂ ರಕ್ತಪರೀಕ್ಷೆಯಿಂದ ಕಾಯುತ್ತಿರುತ್ತೇವೆ. ಅದಕ್ಕೆ ಇನ್ನೊಂದು ಹೊರೆ ಬೇಡ.

ಹಾಸನದ ಸದಸ್ಯೆ: ಮೇಡಂ, ನಮ್ಮ ಅತ್ತೆಯವರು ಆರು ವರ್ಷಗಳಿಂದ ಈ ಕಾಯಿಲೆಯಿಂದ ಬಳಲುತ್ತಿದ್ದಾರೆ. ನಾಲ್ಕು ತಿಂಗಳ ಹಿಂದೆ ಸಂಬಂಧಿಕರೊಬ್ಬರ ಮಾತು ಕೇಳಿ ಮಾತ್ರೆಗಳನ್ನು ಬಿಟ್ಟು, ಹಳೆಯ ಪತ್ರಿಕೆಯ ಪೊಟ್ಟಣದಲ್ಲಿ ಕಟ್ಟಿಕೊಡುವ ನಶ್ಯದ ಬಣ್ಣದ ಪುಡಿಯೊಂದನ್ನು ಜೇನುತುಪ್ಪದಲ್ಲಿ ಸೇವಿಸತೊಡಗಿದರು. ಗೆಣ್ಣುಗಳು ಊದಿ ಕಳಚಲಾಗದೆ ಉಳಿದಿದ್ದ ಬಳೆಗಳನ್ನು ನಾಲ್ಕನೆಯ ದಿನ ತಾವೇ ತೆಗೆದು ತೊಳೆದಿಟ್ಟರು. ಈಚೆಗೆ ಮುಖ ದುಂಡಗಾಗಿದೆ, ಸಕ್ಕರೆಯೂ ಏರಿದೆ. ಮೊನ್ನೆ ಪುಡಿ ಮುಗಿದಿದೆ. ನಿನ್ನೆಯಿಂದ ವಾಂತಿ, ಎದ್ದು ನಿಂತರೆ ತಲೆ ಸುತ್ತುತ್ತದೆ. ಪಿತ್ತವಿರಬಹುದೇ?

ತಜ್ಞೆ: ಪಿತ್ತವೆಂದು ಕಾಯಬೇಡಿ. ಅವರನ್ನು ಈಗಲೇ ತುರ್ತು ಚಿಕಿತ್ಸೆಯಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದದ್ದನ್ನು ದಾರಿಯಲ್ಲಿ ಓದಿ. ಆರು ವರ್ಷಗಳ ಊತವನ್ನು ನಾಲ್ಕು ದಿನಗಳಲ್ಲಿ ಇಳಿಸುವ ಬೇರನ್ನು ನಾನು ಕಂಡಿಲ್ಲ. ಹಾಗೆ ಇಳಿಸುವುದು ಸ್ಟೀರಾಯ್ಡ್. ಹೆಸರಿಲ್ಲದ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್‌ಗಳೂ ಡೈಕ್ಲೋಫೆನಾಕ್ ಎಂಬ ನೋವುನಿವಾರಕವೂ ಬೆರೆತಿರುವುದು ಪದೇ ಪದೇ ಪತ್ತೆಯಾಗಿದೆ, ಮತ್ತು ದುಂಡಗಾದ ಮುಖ, ಏರಿದ ಸಕ್ಕರೆ ಎರಡೂ ಆ ಕಡೆಗೇ ಬೆರಳು ತೋರಿಸುತ್ತವೆ. ಹೊರಗಿನಿಂದ ತಿಂಗಳುಗಟ್ಟಲೆ ಸ್ಟೀರಾಯ್ಡ್ ಸಿಕ್ಕಿದಾಗ ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸೋಲ್ ಉತ್ಪಾದನೆಯನ್ನು ಕುಗ್ಗಿಸಿಬಿಡುತ್ತವೆ. ಪುಡಿ ಥಟ್ಟನೆ ನಿಂತರೆ ಅವು ಒಡನೆಯೇ ಎಚ್ಚರಗೊಳ್ಳುವುದಿಲ್ಲ. ರಕ್ತದೊತ್ತಡ ಕುಸಿಯುತ್ತದೆ, ವಾಂತಿಯಾಗುತ್ತದೆ, ಪ್ರಾಣಕ್ಕೂ ಅಪಾಯವಾಗಬಹುದು. ಪೊಟ್ಟಣದ ತಳದಲ್ಲಿ ಉಳಿದ ಪುಡಿಯನ್ನು ಜೊತೆಗೆ ಒಯ್ದು, "ನಾಲ್ಕು ತಿಂಗಳು ಸ್ಟೀರಾಯ್ಡ್ ಇರಬಹುದಾದ ಪುಡಿ ಸೇವಿಸಿದ್ದಾರೆ" ಎಂದು ಅಲ್ಲಿನ ವೈದ್ಯರಿಗೆ ಇದೇ ಮಾತುಗಳಲ್ಲಿ ಹೇಳಿ.

ಮಂಡ್ಯದ ಸದಸ್ಯರು: ಪಾರಿಜಾತದ ಎಲೆ ಏಳೋ, ಒಂಬತ್ತೋ?

ತಜ್ಞೆ: ಮೇಲೆ ಉತ್ತರಿಸಿದ್ದೇನೆ.

ತುಮಕೂರಿನ ಸದಸ್ಯರು: ಯಾರೋ ಒಬ್ಬ ಕಳ್ಳವೈದ್ಯನಿಗಾಗಿ ಗಿಡಮೂಲಿಕೆಗಳನ್ನೇ ದೂರುವುದು ಸರಿಯಲ್ಲ. ಈ ಕಾಯಿಲೆಯನ್ನು ಹೋಲುವ ಆಮವಾತವನ್ನು ಆಯುರ್ವೇದ ಶತಮಾನಗಳ ಹಿಂದೆಯೇ ವಿವರಿಸಿದೆ.

ಬೆಂಗಳೂರಿನ ಸದಸ್ಯೆ: ವಿವರಿಸಿದ್ದು ಸರಿ ಸ್ವಾಮಿ. ಅಮೃತಬಳ್ಳಿ ರಸ ಕುಡಿದು ನಮ್ಮ ಚಿಕ್ಕಪ್ಪನವರಿಗೆ ಕಾಮಾಲೆಯಾದದ್ದೂ ಸರಿಯೇ?

ತುಮಕೂರಿನ ಸದಸ್ಯರು: ಅದು ಅಮೃತಬಳ್ಳಿಯನ್ನು ಹೋಲುವ ಬೇರೆ ಬಳ್ಳಿಯಾಗಿರುತ್ತದೆ. ಆಯುಷ್ ಸಚಿವಾಲಯವೂ ಹೀಗೆಯೇ ಹೇಳಿದೆ.

ಬೆಂಗಳೂರಿನ ಸದಸ್ಯೆ: ಗುಣವಾದರೆ ಅಮೃತಬಳ್ಳಿ, ಕೆಟ್ಟರೆ ಬೇರೆ ಬಳ್ಳಿ! ಬಳ್ಳಿಯನ್ನು ಗುರುತಿಸಲು ಬಾರದವರು ಅದನ್ನು ಕುಡಿಯಿರೆಂದು ಏಕೆ ಹೇಳುತ್ತೀರಿ?

ತುಮಕೂರಿನ ಸದಸ್ಯರು: ನಾನು ನಿಮಗೆ ಹೇಳಿಲ್ಲ. ನಿಮ್ಮ ಚಿಕ್ಕಪ್ಪನವರ ಇತರ ಅಭ್ಯಾಸಗಳೂ ನಮಗೆ ತಿಳಿದಿಲ್ಲ.

ಬೆಂಗಳೂರಿನ ಸದಸ್ಯೆ: ನಾಲಿಗೆ ಬಿಗಿಹಿಡಿದು ಮಾತನಾಡಿ.

ಬೀದರಿನ ಸದಸ್ಯರು: ನುಗ್ಗೆಸೊಪ್ಪನ್ನು ವಾರಕ್ಕೆ ಎಷ್ಟು ಸಲ ತಿನ್ನಬಹುದು?

ತಜ್ಞೆ: ಚಿಕ್ಕಪ್ಪನವರನ್ನು ಇಲ್ಲಿಗೆ ಬಿಡಿ. ಸಸ್ಯದಲ್ಲಿ ಶಕ್ತಿಯಿಲ್ಲವೆಂದು ನಾನು ಹೇಳಿಲ್ಲ. ಚೀನಾದ ಟ್ರಿಪ್ಟರಿಜಿಯಮ್ ಬಳ್ಳಿಯ ಸಾರವನ್ನು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 207 ರೋಗಿಗಳಲ್ಲಿ ಮೆಥೋಟ್ರೆಕ್ಸೇಟ್ ಜೊತೆ ಹೋಲಿಸಿದಾಗ ಅದು ಹಿಂದೆ ಬೀಳಲಿಲ್ಲ. ಆದರೆ ಅದೇ ಬಳ್ಳಿ ಹೆಂಗಸರ ಮುಟ್ಟನ್ನು ನಿಲ್ಲಿಸಬಲ್ಲದು, ಗಂಡಸರ ವೀರ್ಯಾಣುಗಳನ್ನು ಕುಗ್ಗಿಸಬಲ್ಲದು. ಕೊಯಮತ್ತೂರಿನಲ್ಲಿ ಆಯುರ್ವೇದ ಚಿಕಿತ್ಸೆಯನ್ನು ಮೆಥೋಟ್ರೆಕ್ಸೇಟ್ ಜೊತೆ ಹೋಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಫಲ ಹೆಚ್ಚುಕಡಿಮೆ ಸಮನಾಗಿಯೇ ಕಂಡಿತು. ಅಲ್ಲಿದ್ದವರು 43 ಜನ ಮಾತ್ರ. ಆದರೂ ಔಷಧ ಕೊಟ್ಟವರು ಪಳಗಿದ ವೈದ್ಯರು, ಪತ್ರಿಕೆಯಲ್ಲಿ ಪುಡಿ ಕಟ್ಟಿಕೊಟ್ಟವರಲ್ಲ.

ಉಡುಪಿಯ ಸದಸ್ಯೆ: ಎಕ್ಕದ ಎಲೆಯನ್ನು ಬಿಸಿಮಾಡಿ ಮಂಡಿಗೆ ಕಟ್ಟಬಹುದೇ?

ತಜ್ಞೆ: ಶಾಖದಿಂದ ಸ್ವಲ್ಪ ಹಿತವೆನಿಸಬಹುದು. ಎಕ್ಕದ ಹಾಲು ಕೈಗೆ ಅಂಟಿದ್ದರೆ ಕಣ್ಣುಜ್ಜಬೇಡಿ. ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಊದಿ ದೃಷ್ಟಿ ಮಂಜಾಗುತ್ತದೆ.

ಗದಗದ ಸದಸ್ಯರು: ಮೆಥೋಟ್ರೆಕ್ಸೇಟನ್ನು ಮರೆಯದಿರಲೆಂದು ಅಮ್ಮನಿಗೆ ದಿನವೂ ಒಂದು ಕೊಡಬಹುದೇ?

ತಜ್ಞೆ: ಖಂಡಿತ ಕೂಡದು! ಈ ಕಾಯಿಲೆಗೆ ಅದು ವಾರಕ್ಕೊಂದೇ ದಿನ. ದಿನವೂ ತೆಗೆದುಕೊಂಡು ಸತ್ತವರಿದ್ದಾರೆ. ಅದು ಯಾವ ದಿನವೆಂದು ಚೀಟಿಯ ಮೇಲೆ ಅಕ್ಷರದಲ್ಲಿ ಬರೆದಿಡಿ.

ಮಂಡ್ಯದ ಸದಸ್ಯರು: ಎಲೆಯ ಲೆಕ್ಕಕ್ಕೆ ಉತ್ತರ ಬರಲಿಲ್ಲ.

ತಜ್ಞೆ: ಬರುವುದೂ ಇಲ್ಲ. ಹಾಸನದವರು ಎಲ್ಲಿದ್ದೀರಿ?

ಹಾಸನದ ಸದಸ್ಯೆ: ಆಸ್ಪತ್ರೆಯಲ್ಲಿದ್ದೇವೆ ಮೇಡಂ. ರಕ್ತದೊತ್ತಡ ಬಹಳ ಇಳಿದಿತ್ತಂತೆ. ಹನಿಸಲೈನ್ ಜೊತೆಗೆ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಿದ್ದಾರೆ. ಪುಡಿ ಕೊಟ್ಟ ಸಂಬಂಧಿಕರು ಹೊಸ ಪೊಟ್ಟಣ ಹಿಡಿದು ವಾರ್ಡಿನ ಬಾಗಿಲಿಗೇ ಬಂದಿದ್ದಾರೆ.

ತಜ್ಞೆ: ಪೊಟ್ಟಣವನ್ನು ಇಸಿದುಕೊಂಡು ವೈದ್ಯರ ಕೈಗೆ ಕೊಡಿ. ಆ ಸಂಬಂಧಿಕರನ್ನು ಒಳಗೆ ಬಿಡಬೇಡಿ.