ಸಹಾಯ ಬೇಕು: ಎರಡೇ ತಾಸಿಗೆ ಇನ್ವರ್ಟರ್ ಕೂಗುತ್ತಿದೆ

ನಮಸ್ಕಾರ. ನಮ್ಮ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ, ತೋಟದ ಅಂಚಿಗೆ. ಮಳೆ ಹಿಡಿದ ಮೇಲೆ ಕರೆಂಟು ದಿನಕ್ಕೆ ನಾಲ್ಕೈದು ತಾಸು ಬಂದರೆ ಜಾಸ್ತಿ. ಕಾಡಿನ ನಡುವೆ ಲೈನು, ಒಂದು ಕೊಂಬೆ ಬಿದ್ದರೆ ಮುಗಿಯಿತು. (ಇದೇ ಜಿಲ್ಲೆಯ ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ, ಕಾಳಿ ನದಿಗೆ ಸಾಲು ಅಣೆಕಟ್ಟು. ನಾವು ಮಾತ್ರ ಚಿಮಣಿ ಒರೆಸುತ್ತಾ ಕೂತಿದ್ದೇವೆ!)

ವಿಷಯ ಇಷ್ಟು. 12 ವೋಲ್ಟ್, 150 ಎಎಚ್ (ಆಂಪಿಯರ್ ಅವರ್) ಟ್ಯೂಬುಲರ್ ಬ್ಯಾಟರಿ, ಎರಡು ವರ್ಷ ಹಳೆಯದು. ಲೆಕ್ಕಕ್ಕೆ 1800 ವ್ಯಾಟ್ ಅವರ್. ಎರಡು ಫ್ಯಾನು, ನಾಲ್ಕು ಎಲ್‌ಇಡಿ, ವೈಫೈ ಸೇರಿ ಲೋಡು 200 ವ್ಯಾಟ್ ಒಳಗೆ. ಇನ್ವರ್ಟರಿನ ನಷ್ಟ ಕಳೆದರೂ ಆರೇಳು ತಾಸು ಬರಬೇಕು ಅಲ್ವಾ? ಪೂರ್ತಿ ಚಾರ್ಜ್ ಆಗಲು ಹತ್ತು ತಾಸಾದರೂ ಬೇಕು. ಬರುವ ಕರೆಂಟೂ 160 ವೋಲ್ಟ್. ಅರ್ಧಂಬರ್ಧ ಚಾರ್ಜಿನಲ್ಲೇ ಓಡಿಸಿ ಪ್ಲೇಟು ಹಾಳಾಗಿರಬಹುದೇ? ಡಿಸ್ಟಿಲ್ಡ್ ವಾಟರ್ ತಪ್ಪಿಸಿಲ್ಲ. ಸೂರಿನ ನೀರೇ ಸಾಕು ಅನ್ನುವ ಮಾವನ ಮಾತು ಕೇಳಿಲ್ಲ.

ಅಂಗಡಿಯವರು ಸೋಲಾರ್ ಹಾಕಿಸಿ ಅನ್ನುತ್ತಾರೆ. ಆಷಾಢದಲ್ಲಿ ನಮ್ಮಲ್ಲಿ ಬಿಸಿಲೆಲ್ಲಿ? ಸ್ಟೆಬಿಲೈಸರ್ ಹಾಕಿದರೆ ಸಾಕೇ, ಬ್ಯಾಟರಿಯೇ ಬದಲಿಸಬೇಕೇ? ಯಲ್ಲಾಪುರ, ಸಿದ್ದಾಪುರ ಕಡೆ ಮಳೆಗಾಲದಲ್ಲಿ ಪ್ಯಾನೆಲ್ ಬಳಸಿದವರಿದ್ದರೆ ದಿನಕ್ಕೆ ಎಷ್ಟು ಯೂನಿಟ್ ಸಿಗುತ್ತದೆ ಹೇಳಿ. ಕರೆಂಟಿನ ಜೊತೆಗೇ ಟವರೂ ಹೋಗುತ್ತದೆ, ನನ್ನ ಉತ್ತರ ತಡವಾದರೆ ಬೇಸರ ಮಾಡಿಕೊಳ್ಳಬೇಡಿ.