‘ಸೀಜ್’ ಆದ ಇಂಜಿನ್: ಹಿಡಿದದ್ದೋ, ಕಚ್ಚಿದ್ದೋ?

ಎಲ್ಲರಿಗೂ ನಮಸ್ಕಾರ.

ನಾಡದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಇಂಜಿನ್ ಇದೆಯಲ್ಲ, ಅದರ ಹಳೆಯ ಮಾಡೆಲ್‌ಗಳ ರಿಪೇರಿ ಬಗ್ಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಪ್ಲಗ್, ಪಿಸ್ಟನ್, ಕಾರ್ಬೊರೇಟರ್ ಇವಕ್ಕೆಲ್ಲ ಹೊಸ ಪದ ಕಟ್ಟುವ ಹುಚ್ಚು ನನಗಿಲ್ಲ. ಗ್ಯಾರೇಜಿನಲ್ಲಿ ಹಾಗೇ ಅನ್ನುತ್ತಾರೆ, ಹಾಗೇ ಬರೆದಿದ್ದೇನೆ. ಪೆನ್ನು ನಿಂತದ್ದು ‘ಸೀಜ್’ ಹತ್ತಿರ, ಅಂದರೆ ಪಿಸ್ಟನ್ ಸಿಕ್ಕಿಕೊಂಡು ಇಂಜಿನ್ ತಿರುಗದೆ ನಿಲ್ಲುವುದು.

ಗಂಗೊಳ್ಳಿಯ ಗೆಳೆಯರೊಬ್ಬರು ಫೋನ್ ಮಾಡಿ, “ಇಂಜಿನ್ ಸೀಜ್ ಆಯ್ತು ಮಾರಾಯ್ರೆ” ಅಂದರು. ನಾನು “ಯಾಕೆ, ಪೊಲೀಸರು ಬಂದಿದ್ರಾ?” ಅಂತ ಕೇಳಿಬಿಟ್ಟೆ. ಪೇಪರಿನಲ್ಲಿ ಲಾರಿ ಸೀಜ್, ಮರಳು ಸೀಜ್ ಅಂತ ಓದಿ ಓದಿ ಆದ ಅಭ್ಯಾಸ! ಅವರಿಗೆ ನಗುವ ಮನಸ್ಸಿರಲಿಲ್ಲ.

ಆದರೆ ತೊಡಕು ಅದಲ್ಲ. ಈ ಒಂದು ಪದದ ಒಳಗೆ ಎರಡು ಕಾಯಿಲೆ ಇವೆ.

ನನ್ನ ಹತ್ತಿರ ಒಂದು ಹಳೆಯ 8 ಎಚ್‌ಪಿ ಇಂಜಿನ್ ಇದೆ. ವರ್ಷಗಟ್ಟಲೆ ಶೆಡ್ಡಿನಲ್ಲಿ ಬಿದ್ದಿತ್ತು. ಹಗ್ಗ ಎಳೆದರೆ ಮಿಸುಕಾಡಲಿಲ್ಲ. ಪ್ಲಗ್ ಬಿಚ್ಚಿ ಟಾರ್ಚ್ ಹಿಡಿದರೆ ಸಿಲಿಂಡರಿನ ಗೋಡೆಯ ಮೇಲೆ ಕೆಂಪು ತುಕ್ಕು. ಪ್ಲಗ್ಗಿನ ತೂತಿನಲ್ಲಿ ಡೀಸೆಲ್ ಮತ್ತು ಇಂಜಿನ್ ಆಯಿಲ್ ಬೆರೆಸಿ ಹೊಯ್ದೆ. ದಿನಕ್ಕೆರಡು ಸಲ ಫ್ಲೈವೀಲನ್ನು (ಇಂಜಿನ್ನಿನ ತಲೆಯ ಮೇಲಿನ ಭಾರದ ಚಕ್ರ) ಅತ್ತ ಇತ್ತ ಮೆಲ್ಲಗೆ ಒತ್ತುವುದು, ಅಷ್ಟೇ ಕೆಲಸ. ಜೋರು ಮಾಡಿದರೆ ಪಿಸ್ಟನ್ನಿನ ಸುತ್ತ ಇರುವ ರಿಂಗ್ ಮುರಿಯಬಹುದು. ಐದನೇ ದಿನ ಹೆಬ್ಬೆರಳಗಲ ಸರಿಯಿತು.

ಗೆಳೆಯರ ಇಂಜಿನ್‌ಗೆ ಆದದ್ದು ಇದಲ್ಲ. ಅದು ಅಳಿವೆ ದಾಟುವಾಗ ಓಡುತ್ತಾ ಇದ್ದ ಹಾಗೇ ನಿಂತಿತು. ಇಂಥ ಹಳೆಯ ಟೂ ಸ್ಟ್ರೋಕ್ ಇಂಜಿನ್‌ಗೆ ಸಾಮಾನ್ಯವಾಗಿ ಎಣ್ಣೆ ಬೇರೆ ಕಡೆಯಿಂದ ಬರುವುದಿಲ್ಲ, ಪೆಟ್ರೋಲು ಅಥವಾ ಸೀಮೆಎಣ್ಣೆಯ ಜೊತೆಗೇ ಬೆರೆಸಬೇಕು. ಪೆಟ್ರೋಲಾದರೆ ಸಾಮಾನ್ಯವಾಗಿ 50 ಪಾಲಿಗೆ 1 ಪಾಲು, ತೀರಾ ಹಳೆಯವಕ್ಕೆ 24ಕ್ಕೆ 1. ಅದು ತಪ್ಪಿದರೆ, ಇಲ್ಲವೇ ನೀರಿನ ಪಂಪಿನೊಳಗೆ ನೀರು ತಳ್ಳುವ ರಬ್ಬರ್ ಚಕ್ರ (ಇಂಪೆಲ್ಲರ್) ಹರಿದು ತಂಪು ಮಾಡುವ ನೀರು ನಿಂತರೆ, ಪಿಸ್ಟನ್ ಕಾದು ಹಿಗ್ಗಿ ಗೋಡೆಯನ್ನು ಉಜ್ಜುತ್ತದೆ. ಇವರದರಲ್ಲಿ ಪಿಸ್ಟನ್ನಿನ ಅಲ್ಯೂಮಿನಿಯಂ ಗೋಡೆಗೆ ಮೆತ್ತಿಕೊಂಡು ಉದ್ದುದ್ದ ಗೀರು ಬಿದ್ದಿತ್ತು. ಡೀಸೆಲ್ ಹೊಯ್ದು ಕಾದರೆ ಇದು ವಾಸಿಯಾಗುವುದಿಲ್ಲ, ಪೂರಾ ಬಿಚ್ಚಲೇಬೇಕು.

ಮದ್ದು ಬೇರೆ ಆದಮೇಲೆ ಹೆಸರೂ ಬೇರೆ ಇರಬೇಕು ಅಲ್ವಾ? ‘ಜಾಮ್’ ಅಂದರೆ ಎರಡೂ ಅದರಲ್ಲೇ ಸೇರಿಹೋಗುತ್ತವೆ, ಜೊತೆಗೆ ಬಾಗಿಲು, ಟ್ರಾಫಿಕ್ಕೂ. ಹಾಗಾಗಿ ನಾನು ಮೊದಲನೆಯದಕ್ಕೆ ‘ಹಿಡಿದುಕೊಂಡಿದೆ’, ಎರಡನೆಯದಕ್ಕೆ ‘ಕಚ್ಚಿದೆ’ ಅಂತ ಬರೆದೆ. ಬ್ರೇಕ್ ಹಿಡ್ಕೊಂಡಿದೆ, ಬೇರಿಂಗ್ ಹಿಡ್ಕೊಂಡಿದೆ ಅಂತ ಹೇಗೂ ಅನ್ನುತ್ತೇವೆ. ಹಿಡಿದದ್ದನ್ನು ಬಿಡಿಸಬಹುದು. ಕಚ್ಚಿದರೆ ಗಾಯ ಉಳಿಯುತ್ತದೆ. ಈ ಲೆಕ್ಕ ನನಗೆ ಇಷ್ಟವಾಯಿತು.

ಮರುದಿನ ಓದಿದಾಗ ಮೂರು ಕಡೆ ಎಡವಿದೆ. ‘ತುಕ್ಕು ಹಿಡಿದು ಹಿಡಿದುಕೊಂಡಿದೆ’ ಅನ್ನುವ ವಾಕ್ಯ ಬಾಯಲ್ಲಿ ತೊದಲುತ್ತದೆ. ತುಕ್ಕು ಹಿಡಿದ ನಟ್ಟಿಗೆ ನಾವು ‘ಕಚ್ಚಿಕೊಂಡಿದೆ’ ಅಂತಲೇ ಹೇಳುವುದು, ಅಲ್ಲಿಗೆ ನನ್ನ ಲೆಕ್ಕ ತಲೆಕೆಳಗು. ಇನ್ನು ಕೆಳಗಿನ ಗೇರ್‌ಬಾಕ್ಸಿನಲ್ಲಿ ಹಲ್ಲು ಕಚ್ಚಲೇಬೇಕು, ಕಚ್ಚದಿದ್ದರೆ ದೋಣಿ ಮುಂದೆ ಹೋಗುವುದಿಲ್ಲ! ಅಲ್ಲಿ ಕಚ್ಚುವುದು ಆರೋಗ್ಯ, ಮೇಲೆ ಕಾಯಿಲೆ. ‘ಬಿಗಿದಿದೆ’ ಅನ್ನೋಣ ಅಂದರೆ ಅದು ಸ್ವಲ್ಪವಾದರೂ ತಿರುಗುವುದಕ್ಕೆ ಹೇಳುವ ಮಾತು. ಉಪ್ಪು ಸೇರಿ ನೀರಿನ ದಾರಿ ಮುಚ್ಚಿದ್ದಕ್ಕೆ ಮಾತ್ರ ತಕರಾರಿಲ್ಲದೆ ‘ಕಟ್ಟಿಕೊಂಡಿದೆ’ ಸಿಕ್ಕಿತು, ಮೂಗು ಕಟ್ಟಿದ ಹಾಗೆ.

ಮಲ್ಪೆ, ಕುಂದಾಪುರ, ಕಾರವಾರದ ಕಡೆಯವರು, ಪಂಪ್‌ಸೆಟ್ ಬಿಚ್ಚಿ ಗೊತ್ತಿರುವ ಬಯಲುಸೀಮೆಯವರು ಹೇಳಿ: ನಿಮ್ಮಲ್ಲಿ ಈ ಎರಡಕ್ಕೆ ಬೇರೆ ಬೇರೆ ಮಾತಿದೆಯಾ? ಸುಮ್ನೆ ನಿಘಂಟು ನೋಡಿ ಹೇಳುವುದು ಬೇಡ, ಮೆಕ್ಯಾನಿಕ್ ಬಾಯಲ್ಲಿ ಕೇಳಿದ್ದಾದರೆ ಒಳ್ಳೆಯದು.

ಜೊತೆಗೆ ಇನ್ನೊಂದು. ಪಂಪ್ ಕೆಲಸ ಮಾಡುತ್ತಿದೆ ಅಂತ ತೋರಿಸಲು ಇಂಜಿನ್ನಿನ ಹಿಂದಿನಿಂದ ಸಣ್ಣಗೆ ನೀರು ಚಿಮ್ಮುತ್ತಿರುತ್ತದಲ್ಲ, ಆ ನೀರಿಗೆ ಏನಂತೀರಿ?