ಎರೆ ಹೊಲದಲ್ಲಿ ಗಾಲಿ ನಿಂತಲ್ಲೇ ತಿರುಗುತ್ತದೆ, ಟೈರಿಗೆ ನೀರು ತುಂಬಿಸಲಾ?

ಎರೆಹೊಲ_ಗದಗ: ನಮ್ಮದು 45 ಎಚ್‌ಪಿ ಟ್ರ್ಯಾಕ್ಟರ್, ಹಿಂದಿನ ಟೈರ್ 13.6-28. ಪಲ್ಟಿ ನೇಗಿಲು ಹಾಕಿದರೆ ಗಾಲಿ ಸುಮ್ನೆ ತಿರುಗುತ್ತದೆ, ಡೀಸೆಲ್ ಖಾಲಿ, ಕೆಲಸ ಅರ್ಧ. ನೀರು ತುಂಬಿಸು ಅಂತ ಒಬ್ಬರು, ಬೇಡ ಅಂತ ಇನ್ನೊಬ್ಬರು.

ಹಳೇ_ಡ್ರೈವರ್: ಮೊದಲು ಗಾಳಿ ನೋಡಿ ಅಣ್ಣ. ಟ್ರಾಲಿಗೆ ಅಂತ ಗಟ್ಟಿ ತುಂಬಿಸಿದ ಗಾಳಿಯಲ್ಲೇ ಉಳುಮೆಗೆ ಇಳಿದಿರುತ್ತೀರಿ, ಅಲ್ವಾ? ಹೊಲಕ್ಕೆ 12-14 ಪಿಎಸ್‌ಐ ಸಾಕು, ಟೈರ್ ಅಗಲವಾಗಿ ಕೂತು ಮಣ್ಣು ಹಿಡಿಯುತ್ತದೆ, ಬೆನ್ನಿಗೂ ಆರಾಮ. ಟ್ರಾಲಿ ಕಟ್ಟುವ ಮುಂಚೆ ಮತ್ತೆ ಏರಿಸಿ.

ತೋಟದಮನೆ: ಅಷ್ಟಕ್ಕೂ ಹಿಡಿಯದಿದ್ದರೆ ನೀರು. ಜಾಕ್ ಹಾಕಿ ವಾಲ್ವ್ ಮೇಲೆ ಬರುವಂತೆ ಗಾಲಿ ತಿರುಗಿಸಿ, ನೀರು ವಾಲ್ವ್ ಮಟ್ಟಕ್ಕೆ ಬಂದ ಕೂಡಲೇ ನಿಲ್ಲಿಸಿ, ಅದೇ ಮುಕ್ಕಾಲು. ನಿಮ್ಮ ಟೈರಿಗೆ ಸುಮಾರು 150 ಲೀಟರ್, ಅಂದರೆ ಗಾಲಿಗೆ 150 ಕೆಜಿ ತೂಕ ಬಂತು. ಪೂರ್ತಿ ತುಂಬಿಸಬೇಡಿ, ಗಾಳಿಗೆ ಜಾಗ ಇಲ್ಲದಿದ್ದರೆ ಕಲ್ಲಿನ ಮೇಲೆ ಕೂತ ಹಾಗೆ ಇರುತ್ತದೆ. ನೇಗಿಲು ಎತ್ತಿದಾಗ ಮೂತಿ ಏಳುತ್ತಿದ್ದರೆ ಮುಂದೆ ಕಬ್ಬಿಣದ ತೂಕ ಹಾಕಿ.

ಲೆಕ್ಕದ_ಮಾಸ್ತರ: ಅಂದಾಜು ಬೇಡ ರೀ. ಟೈರಿಗೆ ಸುಣ್ಣದ ಗೆರೆ ಎಳೆಯಿರಿ. ನೇಗಿಲು ಎತ್ತಿಕೊಂಡು 10 ಸುತ್ತಿಗೆ ಎಷ್ಟು ದೂರ ಹೋಯಿತೋ, ಅಷ್ಟೇ ದೂರ ಉಳುವಾಗ 11-11.5 ಸುತ್ತು ಬಂದರೆ ಸರಿ. 12 ದಾಟಿದರೆ ತೂಕ ಕಡಿಮೆ. 10.5 ಕೂಡ ಬರದಿದ್ದರೆ ತೂಕ ಜಾಸ್ತಿ, ಇಳಿಸಿ.

ಎರೆಹೊಲ_ಗದಗ: ಈಗಷ್ಟೇ ಮೀಟರ್ ಇಟ್ಟು ನೋಡಿದೆ. 24 ಪಿಎಸ್‌ಐ ಇತ್ತು ಮಾರಾಯರೇ!